ಅರ್ಧಪ್ಪ ಮಹಾರಾಜರ ತೊದಲು

ನನ್ನ ಷಡ್ಡಕ ಮದುವೆಯಾದ ಮೇಲೆ ಒಂದೇ ಒಂದು ವಾಕ್ಯವನ್ನೂ ಪೂರ್ತಿ ಮುಗಿಸಿದವನಲ್ಲ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಶುರುವನ್ನು ಅವನು ಚೆನ್ನಾಗಿಯೇ ಮಾಡುತ್ತಾನೆ. ಕರ್ತೃ ಬರುತ್ತದೆ, ಅದರ ಹಿಂದೆ ಕರ್ಮ ಬರುತ್ತದೆ, ಕ್ರಿಯಾಪದ ಇನ್ನೇನು ಹೊಸಿಲು ದಾಟಬೇಕು ಅನ್ನುವಷ್ಟರಲ್ಲಿ ಅವನ ಹೆಂಡತಿ, ಅಂದರೆ ನನ್ನ ಹೆಂಡತಿಯ ಅಕ್ಕ, ಅದನ್ನು ಬಾಗಿಲಲ್ಲೇ ತಡೆದು ತಮ್ಮದೊಂದನ್ನು ಒಳಗೆ ಬಿಟ್ಟುಬಿಡುತ್ತಾರೆ.

"ಇವತ್ತು ಸಂಜೆ ನಾನು ಆಫೀಸಿಂದ..."

"ಬೇಗ ಬರ್ತೀರ. ಬರ್ತಾ ಸೋಪು ತರ್ತೀರ."

ಅವನು ಹೇಳಹೊರಟಿದ್ದು ಇವತ್ತು ತಡವಾಗುತ್ತದೆ ಎಂದು. ಆದರೆ ವಾಕ್ಯ ಆಗಲೇ ಮುಗಿದುಹೋಯಿತಲ್ಲ. ಮುಗಿದ ವಾಕ್ಯಕ್ಕೆ ಮರ್ಯಾದೆ ಕೊಟ್ಟು ಅವನು ಬೇಗ ಬರುತ್ತಿದ್ದ, ಸೋಪನ್ನೂ ತರುತ್ತಿದ್ದ. ಅವರ ಮನೆಯಲ್ಲಿ ಸೋಪಿಗೆ ಎಂದೂ ಬರವಿರಲಿಲ್ಲ.

ಆಫೀಸಿನಲ್ಲೂ ಅದೇ ಕಥೆ. ಅವನದು ನೀರು ಸರಬರಾಜು ಕಚೇರಿಯಲ್ಲಿ ದೂರು ಕಿಟಕಿಯ ಕೆಲಸ. ಗಾಜಿನಲ್ಲಿ ಅಂಗೈಯಗಲದ ಒಂದು ತೂತು, ತೂತಿನ ಈಚೆ ಅವನು, ಆಚೆ ಖಾಲಿ ಕೊಡ ಹಿಡಿದ ಇಡೀ ಊರು. "ನಿಮ್ಮ ಬೀದಿಯ ಪೈಪು..." ಎಂದು ಅವನು ಬಾಯಿ ತೆರೆದರೆ ಸಾಕು, ಆ ಪೈಪನ್ನು ಏನು ಮಾಡಬೇಕು, ಅದನ್ನು ಎಲ್ಲಿಗೆ ಸೇರಿಸಬೇಕು ಎಂಬುದನ್ನೆಲ್ಲ ಜನರೇ ಹೇಳಿ ಮುಗಿಸುತ್ತಿದ್ದರು. ಅಲ್ಲಿಯೇ ಯಾರೋ ಅವನಿಗೆ ಅರ್ಧಪ್ಪ ಎಂದು ಹೆಸರಿಟ್ಟದ್ದು. ಆ ಹೆಸರು ಕಿಟಕಿಯಿಂದ ಬೀದಿಗೆ, ಬೀದಿಯಿಂದ ಮನೆಗೆ ಬಂದು ನೆಲೆಸಿತು. ಈಗ ಅವನ ಅತ್ತೆಯೇ (ಅವರು ನನಗೂ ಅತ್ತೆಯೇ) "ಅರ್ಧಪ್ಪನಿಗೆ ಕಾಫಿ ಕೊಟ್ಟೆಯೇನೇ?" ಎಂದು ಕೇಳುತ್ತಾರೆ. ನನಗೂ ಅವನಿಗೂ ಒಂದೇ ವಯಸ್ಸು, ಅದಕ್ಕೇ ಈ ಏಕವಚನ. ಅವನು ಎರಡನೇ ಮಹಡಿಯಲ್ಲಿ ಸಂಸಾರ ಮಾಡುತ್ತಾನೆ, ನಾನು ಅದೇ ಕಟ್ಟಡದ ಕೆಳಗೆ ಟೈಲರ್ ಅಂಗಡಿ ಇಟ್ಟಿದ್ದೇನೆ. ಮೇಲೆ ಜೋರಾಗಿ ಆಡಿದ ಮಾತೆಲ್ಲ ನನ್ನ ಮಿಷನ್ನಿನ ಮೇಲೆ ಬಂದು ಬೀಳುತ್ತದೆ. ಅತ್ತಿಗೆ ಮೆಲ್ಲಗೆ ಮಾತಾಡಿದ್ದು ನನಗೆ ನೆನಪಿಲ್ಲ.

ಹೀಗೆ ಅರ್ಧದಲ್ಲೇ ನೆಮ್ಮದಿಯಾಗಿದ್ದವನಿಗೆ ಒಂದು ಪೂರ್ತಿ ವಾಕ್ಯದ ಅಗತ್ಯ ಬಂದೊದಗಿತು.

ಅವನಿಗೆ ಒಬ್ಬಳೇ ಮಗಳು. ಬೇರೆ ಊರಿನ ಆಸ್ಪತ್ರೆಯಲ್ಲಿ ಲ್ಯಾಬಿನ ಕೆಲಸ. ಒಂದು ರಜೆಗೆ ಬಂದಾಗ ಅಪ್ಪನನ್ನು ಟೆರೇಸಿಗೆ ಕರೆದೊಯ್ದು ವಿಷಯ ತಿಳಿಸಿದಳು. ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಹುಡುಗ. ಒಳ್ಳೆಯವನು, ನಕ್ಕರೆ ಚೆನ್ನಾಗಿ ಕಾಣುತ್ತಾನೆ, ಇಬ್ಬರೂ ಮದುವೆಯಾಗಬೇಕು ಅಂತಿದ್ದಾರೆ. "ಅಮ್ಮನಿಗೆ ನೀನೇ ಹೇಳಪ್ಪಾ. ನಾನು ಹೇಳೋಕೆ ಹೋದ್ರೆ ಜಗಳ ಆಗುತ್ತೆ. ಒಂದೇ ಒಂದು ವಾಕ್ಯ."

ಒಂದೇ ಒಂದು ವಾಕ್ಯ! ಆ ಮಗು ಅಪ್ಪನಿಂದ ಕೇಳಿದ್ದು ಎಷ್ಟು ದೊಡ್ಡ ಉಡುಗೊರೆ ಎಂದು ಅದಕ್ಕೆ ಗೊತ್ತಿರಲಿಲ್ಲ.

ಅರ್ಧಪ್ಪ ಪ್ರಯತ್ನಿಸಲಿಲ್ಲ ಎನ್ನುವಂತಿಲ್ಲ. ತಟ್ಟೆ ಮುಂದೆ ಕೂತಾಗ ಹೇಳಿ ನೋಡಿದ, ಬಟ್ಟೆ ಮಡಚುವಾಗ ಹೇಳಿ ನೋಡಿದ.

"ನೋಡು, ನಮ್ಮ ಮಗಳು ಒಬ್ಬ ಹುಡುಗನನ್ನ..."

"ನೋಡ್ಬೇಕು, ಗೊತ್ತು. ಅವಳಿಗೂ ವಯಸ್ಸಾಯ್ತು. ನಮ್ಮಣ್ಣನಿಗೆ ಹೇಳಿದೀನಿ, ಅವನ ಗುರುತಿನಲ್ಲಿ ಸಿಮೆಂಟ್ ವ್ಯಾಪಾರದ ಹುಡುಗ ಒಬ್ಬ ಇದಾನಂತೆ. ಕೈ ಎತ್ತಿ, ಆ ಶರ್ಟೂ ಕೊಡಿ ಒಗೀತೀನಿ."

ಅವನು ಕೈ ಎತ್ತಿದ. ಆ ವಾರ ಸಿಮೆಂಟಿನ ಹುಡುಗನ ಫೋಟೋ ಬಂತು. ಮರುವಾರ ಸಿಮೆಂಟಿನವರ ಮನೆಯಿಂದ ಫೋನ್ ಬಂತು. ಅರ್ಧಪ್ಪನ ವಾಕ್ಯ ಒಂದೊಂದು ದಿನ ತಡವಾದಂತೆ ಮಗಳು ಒಂದೊಂದು ಮೂಟೆ ಸಿಮೆಂಟಿನ ಹತ್ತಿರ ಹೋಗುತ್ತಿದ್ದಳು.

ಸರಿಯಾಗಿ ಆಗ ಊರಿಗೆ ಆ ರಾಜನ ಸಿನಿಮಾ ಬಂತು.

ಕಥೆ ಸರಳ. ಹಳೆಯ ಕಾಲದ ಒಂದು ರಾಜ್ಯ. ಯುವರಾಜನಿಗೆ ತೊದಲು. ಪಟ್ಟ ಕಟ್ಟುವ ದಿನ ಪ್ರಜೆಗಳ ಮುಂದೆ ಅವನು ಪ್ರತಿಜ್ಞೆ ಹೇಳಬೇಕು. ಹೇಳಲಾರದಿದ್ದರೆ ಸಿಂಹಾಸನ ಚಿಕ್ಕಪ್ಪನ ಪಾಲು. ಆ ಚಿಕ್ಕಪ್ಪನ ಮೀಸೆ ನೋಡಿದರೇ ಆಗುವುದಿಲ್ಲ. ಅರಮನೆಯ ಮುದಿ ಅಂಬಿಗನೊಬ್ಬ ಯುವರಾಜನನ್ನು ಹೊಳೆಯಲ್ಲಿ ಕುತ್ತಿಗೆಮಟ್ಟ ನೀರಿನಲ್ಲಿ ನಿಲ್ಲಿಸಿ ಮಾತು ಕಲಿಸುತ್ತಾನೆ. ಪಟ್ಟದ ದಿನ ಬರುತ್ತದೆ. ಯುವರಾಜ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಾನೆ. ಪಾಪ ಅಂತ ಮಂತ್ರಿ ಮುಂದಿನ ಪದ ಹೇಳಿಕೊಡಲು ಬಾಯಿ ತೆರೆಯುತ್ತಾನೆ. ಆಗ ರಾಜಮಾತೆ ಎದ್ದು ನಿಂತು, ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಕುಟ್ಟಿ, "ಮಹಾರಾಜರ ಮಾತನ್ನು ಮಹಾರಾಜರೇ ಮುಗಿಸಲಿ!" ಅನ್ನುತ್ತಾಳೆ. ಅಲ್ಲಿಂದ ಮುಂದೆ ಥಿಯೇಟರಿನಲ್ಲಿ ಪರದೆ ಕಂಡವರು ಯಾರೂ ಇಲ್ಲ. ಎಲ್ಲರ ಕಣ್ಣೂ ತುಂಬಿಹೋಗಿತ್ತು. ನಮ್ಮ ಅತ್ತೆಯಂತೂ ಆ ಸಿನಿಮಾವನ್ನು ಮೂರು ಸಲ ನೋಡಿ, ಮೂರನೇ ಸಲ ರಾಜಮಾತೆಗಿಂತ ಮೊದಲೇ ಕೋಲು ಕುಟ್ಟಿದರು.

ಅರ್ಧಪ್ಪನೂ ಸಂಸಾರ ಸಮೇತ ಹೋಗಿದ್ದ. ಇಂಟರ್‌ವಲ್‌ನಲ್ಲಿ ಕುದಿಯುವ ಕಾಫಿ ಕೈಗೆ ಬರುವುದಕ್ಕೂ ಬೆಲ್ ಹೊಡೆಯುವುದಕ್ಕೂ ಸರಿಹೋಯಿತು. "ಇದು ತುಂಬಾ..." ಎಂದ. "ಚೆನ್ನಾಗಿದೆ, ಬೇಗ ಕುಡೀರಿ" ಎಂದರು ಅತ್ತಿಗೆ. ಕುಡಿದ. ನಾಲಿಗೆ ಸುಟ್ಟು ಬೋಂಡದಂತೆ ಊದಿಕೊಂಡಿತು.

ಮರುದಿನ ದೂರು ಕಿಟಕಿಯ ಮುಂದೆ ದೊಡ್ಡ ಗಲಾಟೆ. ವಾರದಿಂದ ನೀರಿಲ್ಲ. ಒಬ್ಬ ಹೆಂಗಸು ತಾಮ್ರದ ಕೊಡವನ್ನು ಗಾಜಿಗೆ ಗುರಿಯಿಟ್ಟು ನಿಂತಿದ್ದಾಳೆ. ಅರ್ಧಪ್ಪ ಊದಿದ ನಾಲಿಗೆಯಲ್ಲಿ "ನೀ... ನೀ... ನೀ..." ಎಂದ.

ಗಲಾಟೆ ನಿಂತುಹೋಯಿತು. ಕೊಡ ಕೆಳಗಿಳಿಯಿತು. ಹಿಂದೆ ಯಾರೋ ಒಬ್ಬ "ನೀರು ತಾನೆ?" ಎಂದು ಶುರು ಮಾಡಿದ್ದೇ ತಡ, ಕೊಡದ ಹೆಂಗಸು ತಿರುಗಿ, "ಮುಚ್ರೀ ಬಾಯಿ! ಅವರ ಮಾತು ಅವರೇ ಮುಗಿಸಲಿ!" ಎಂದು ಗದರಿದಳು.

ಇಡೀ ಕ್ಯೂ ಉಸಿರು ಬಿಗಿಹಿಡಿದು ನಿಂತಿತು. ಅರ್ಧಪ್ಪನಿಗೆ ಮೈ ಜುಮ್ಮೆಂದಿತು. ತನ್ನ ಜೀವಮಾನದಲ್ಲಿ ಇಷ್ಟು ಕಿವಿಗಳು ಒಟ್ಟಿಗೆ ತನಗಾಗಿ ತೆರೆದದ್ದನ್ನು ಅವನು ಕಂಡಿರಲಿಲ್ಲ. ಮೆಲ್ಲಗೆ, ಅಕ್ಷರ ಅಕ್ಷರವಾಗಿ, "ನೀ... ನೀರು... ನಾ... ನಾಳೆನೂ... ಬ... ಬರಲ್ಲ" ಎಂದು ಮುಗಿಸಿದ.

ಜನ ಚಪ್ಪಾಳೆ ತಟ್ಟಿದರು. ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, "ಬರದಿದ್ರೆ ಹೋಗ್ಲಿ ಬಿಡಿ, ಎಷ್ಟು ಕಷ್ಟಪಟ್ಟು ಹೇಳಿದ್ರಿ" ಎಂದು ಮನೆಗೆ ನಡೆದಳು. ಯಾರ ಕೊಡವೂ ತುಂಬಲಿಲ್ಲ, ಎಲ್ಲರ ಕಣ್ಣೂ ತುಂಬಿತ್ತು. ಬಾಗಿಲ ಮರೆಯಲ್ಲಿ ನಿಂತು ಇದನ್ನು ನೋಡಿದ ಸಾಹೇಬರು, ಹೊಸ ಪೈಪು ಬೇಕೆಂದು ಬರೆದಿಟ್ಟಿದ್ದ ಅರ್ಜಿಯನ್ನು ಅಲ್ಲೇ ಹರಿದು ಬುಟ್ಟಿಗೆ ಹಾಕಿದರು.

ಸಂಜೆ ಮನೆಯಲ್ಲೂ ಅದೇ ಪವಾಡ. "ನ... ನ..." ಎಂದ ಅರ್ಧಪ್ಪ. ಅತ್ತಿಗೆ ಅಭ್ಯಾಸಬಲದಿಂದ "ನಲ್ಲಿ ರಿಪೇರಿಯವನು..." ಎಂದು ಮುಗಿಸಲು ಹೊರಟರು. ಮೂಲೆಯಿಂದ ಅತ್ತೆಯ ಕೋಲು ನೆಲಕ್ಕೆ ಬಿತ್ತು.

"ಮಹಾರಾಜರ ಮಾತನ್ನು ಮಹಾರಾಜರೇ ಮುಗಿಸಲಿ!"

ಅತ್ತಿಗೆ ಬಾಯಿ ಮುಚ್ಚಿದರು. ಆ ಕ್ಷಣದಲ್ಲಿ ಕೆಳಗೆ ಅಂಗಡಿಯಲ್ಲಿದ್ದ ನಾನು ಮಿಷನ್ ನಿಲ್ಲಿಸಿ ಮೇಲೆ ನೋಡಿದೆ. ಎರಡನೇ ಮಹಡಿಯಿಂದ ಮೌನ ಕೇಳಿಬಂದದ್ದು ಅದೇ ಮೊದಲು. ಏನೋ ಅನಾಹುತವಾಗಿದೆ ಎಂದು ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಓಡಿದೆ. ನಾನು ಬಾಗಿಲಿಗೆ ಬರುವ ಹೊತ್ತಿಗೆ ಅರ್ಧಪ್ಪ ಗೋಡೆ ಹಿಡಿದುಕೊಂಡು ದಡ ಸೇರುತ್ತಿದ್ದ:

"ನ... ನಮ್ಮ ಮ... ಮಗಳು ಒ... ಒಬ್ಬ ಹುಡುಗನನ್ನ... ಮೆ... ಮೆಚ್ಚಿದ್ದಾಳೆ!"

ವಾಕ್ಯ ಮುಗಿಯಿತು. ಇಡೀ ವಾಕ್ಯ, ಕ್ರಿಯಾಪದ ಸಮೇತ. ಅತ್ತಿಗೆ ಮೊದಲು ಗಂಡನ ಮುಖ ನೋಡಿದರು, ಆಮೇಲೆ ಗೋಡೆ ನೋಡಿದರು, ಆಮೇಲೆ ಅಳತೊಡಗಿದರು. "ಇಷ್ಟು ಕಷ್ಟಪಟ್ಟು ಹೇಳಿದಾರೆ, ಬೇಡ ಅನ್ನೋಕೆ ನಾನೇನು ರಾಕ್ಷಸೀನಾ? ಮುಂದಿನ ಭಾನುವಾರ ಹುಡುಗನ ತಾಯೀನೂ ಕರ್ಕೊಂಡು ಬರೋಕೆ ಹೇಳಿ. ಸಿಮೆಂಟಿನವರಿಗೆ ನಾನು ಇಲ್ಲ ಅಂತೀನಿ."

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೂ ಇಲ್ಲಿಗೇ ನಿಲ್ಲುತ್ತಿತ್ತು. ಎರಡು ದಿನಕ್ಕೆ ಅವನ ನಾಲಿಗೆ ವಾಸಿಯಾಯಿತು. ಆದರೆ ತೊದಲು ಹೋಗಲಿಲ್ಲ. ಅದು ಹೇಗೆಂದು ನನಗೆ ಗೊತ್ತಾದದ್ದು ಪ್ಯಾಂಟಿನಿಂದ. ಭಾನುವಾರಕ್ಕೆಂದು ಹೊಲಿಸಿದ ಪ್ಯಾಂಟನ್ನು ಹಾಕಿ ನೋಡಲು ಅವನು ನನ್ನ ಅಂಗಡಿಯ ಪರದೆಯ ಹಿಂದೆ ಹೋದ. ಒಳಗೆ ಕನ್ನಡಿ ಇದೆ. ಕನ್ನಡಿ ಯಾರ ಮಾತನ್ನೂ ಮುಗಿಸುವುದಿಲ್ಲ. ಅದರ ಮುಂದೆ ನಿಂತು ಅವನು ವರ್ಷಗಳಿಂದ ಕೂಡಿಟ್ಟಿದ್ದನ್ನೆಲ್ಲ ಧಾರಾಕಾರವಾಗಿ ಹೇಳಿಕೊಂಡ. ತನಗೆ ಬೇಳೆಗಿಂತ ತರಕಾರಿ ಇಷ್ಟ ಎಂದ. ಆ ಹಸಿರು ಬಣ್ಣದ ಸೋಪಿನ ವಾಸನೆ ಮೊದಲಿಂದಲೂ ತನಗೆ ಆಗುವುದಿಲ್ಲ ಎಂದ. ಒಂದು ಅಕ್ಷರವೂ ತಡವರಿಸಲಿಲ್ಲ.

ನಾನು ಪರದೆ ಸರಿಸಿದೆ. "ಏನಯ್ಯಾ ಇದು ಮಹಾರಾಜ?"

ಅವನು ಅರ್ಧ ಹಾಕಿದ ಪ್ಯಾಂಟಿನಲ್ಲೇ ಕೈ ಮುಗಿದ. "ಯಾರಿಗೂ ಹೇಳಬೇಡ ಮಾರಾಯ. ಭಾನುವಾರ ಒಂದು ಕಳೀಲಿ. ಈಗ ಸರಿಹೋಯ್ತು ಅಂತ ಗೊತ್ತಾದ್ರೆ ಅವಳು ಮತ್ತೆ ಸಿಮೆಂಟಿನ..."

"ಮನೆಗೆ ಫೋನ್ ಮಾಡ್ತಾಳೆ" ಎಂದೆ ನಾನು.

"ನೋಡು! ನೀನೂ ಮುಗಿಸಿಬಿಟ್ಟೆ!" ಎಂದು ಅವನು ಮುಖ ಸಣ್ಣದು ಮಾಡಿಕೊಂಡ. ನನಗೆ ಪಾಪ ಅನ್ನಿಸಿತು. ಬಾಯಿ ಮುಚ್ಚಿಕೊಂಡು ಅವನ ಸೊಂಟಕ್ಕೆ ಪಿನ್ನು ಚುಚ್ಚಿದೆ.

ಆದರೆ ಪಟ್ಟಕ್ಕೆ ಏರಿದವನನ್ನು ಜನ ಸುಮ್ಮನೆ ಕೂರಲು ಬಿಡುತ್ತಾರೆಯೇ? ಕಟ್ಟಡದವರೆಲ್ಲ ಚಿಕಿತ್ಸೆಗೆ ಇಳಿದರು. ಮೂರನೇ ಮಹಡಿಯ ರಿಟೈರ್ಡ್ ಬಸ್ ಕಂಡಕ್ಟರು ಟೆರೇಸಿನ ನೀರಿನ ಟ್ಯಾಂಕಿನ ಬೀಗದ ಕೈ ಇಟ್ಟುಕೊಂಡವರು. ಅದರಿಂದಾಗಿ ನಮ್ಮ ಕಟ್ಟಡದಲ್ಲಿ ಅವರ ಮಾತೇ ಮಾತು. ಅವರು ತೀರ್ಪು ಕೊಟ್ಟರು: "ಸಿನಿಮಾದಲ್ಲಿ ಹೇಗೆ ಗುಣ ಆಯ್ತು? ಕುತ್ತಿಗೆಮಟ್ಟ ನೀರು. ನಮಗೆ ಹೊಳೆ ಇಲ್ಲ, ಟ್ಯಾಂಕ್ ಇದೆ. ಹತ್ತಿ ಸಾರ್, ಹತ್ತಿ, ಒಳಗೆ ಜಾಗ ಇದೆ."

ಅರ್ಧಪ್ಪ "ಬೇ... ಬೇ... ಬೇ..." ಎಂದ. ಬೇಡ ಎನ್ನಲು ಹೊರಟಿದ್ದ. ಎಲ್ಲರೂ ತಾಳ್ಮೆಯಿಂದ ಕಾಯುತ್ತಲೇ ಅವನನ್ನು ಎತ್ತಿ ಟ್ಯಾಂಕಿಗೆ ಇಳಿಸಿದರು. ಮಾತು ಮುಗಿಸುವ ಹೊತ್ತಿಗೆ ಅವನು ಒಳಗಿದ್ದ. ನೀರಿನ ಬರಗಾಲವಲ್ಲವೇ, ನಿಂತರೆ ಮೊಣಕಾಲಿಗೆ ಬರುತ್ತಿತ್ತು. ಆದ್ದರಿಂದ ಕುತ್ತಿಗೆಯ ಮಟ್ಟ ಸಿಗುವ ಹಾಗೆ ಅವನನ್ನು ಕೂರಿಸಿದರು. ತಣ್ಣೀರು ಸೊಂಟ ದಾಟಿ ಮೇಲೇರಿದ ಗಳಿಗೆಯಲ್ಲಿ ಟ್ಯಾಂಕಿನೊಳಗಿಂದ ಸ್ಫುಟವಾದ ಒಂದು ವಾಕ್ಯ ಕೇಳಿಸಿತು:

"ಅಯ್ಯಯ್ಯಪ್ಪಾ ಸತ್ತೇಹೋದೆ, ಮೊದಲು ನನ್ನನ್ನ ಮೇಲಕ್ಕೆ ಎಳೀರೋ!"

"ಗುಣ ಆಯ್ತು!" ಎಂದು ಕಂಡಕ್ಟರು ಕುಣಿದರು.

ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಒಳಗಿಂದ ಬಹಳ ಎಚ್ಚರಿಕೆಯಿಂದ, "ಎ... ಎ... ಎಲ್ಲಿ?" ಎಂದು ಕೇಳಿಸಿತು.

"ಛೆ. ನೀರು ಕಮ್ಮಿ ಇತ್ತು. ಅದಕ್ಕೇ ಔಷಧಿ ಪೂರ್ತಿ ಹತ್ತಲಿಲ್ಲ" ಎಂದು ಕಂಡಕ್ಟರು ನಿಟ್ಟುಸಿರು ಬಿಟ್ಟು ಬೀಗ ಹಾಕಿದರು. ಮಹಾರಾಜರನ್ನು ಮೇಲೆತ್ತಿದ ಮೇಲೆ ಹಾಕಿದರು ಎಂದು ಸೇರಿಸಿ ಓದಿಕೊಳ್ಳಬೇಕು. ಅಂದು ಸಂಜೆ ಇಡೀ ಕಟ್ಟಡ ಕುಡಿದ ಕಾಫಿಯಲ್ಲಿ ನಮ್ಮ ಅರ್ಧಪ್ಪ ಸ್ವಲ್ಪ ಸ್ವಲ್ಪ ಇದ್ದ. ನಾನು ಹಾಲನ್ನಷ್ಟೇ ಕುಡಿದೆ.

ಆಫೀಸಿನಲ್ಲಿ ಸಾಹೇಬರು ಅವನನ್ನು ಕಿಟಕಿಯಿಂದ ಎಬ್ಬಿಸಿ ಜೀಪಿನಲ್ಲಿ ಕೂರಿಸಿದರು. ಎಲ್ಲಿ ಜನ ರೊಚ್ಚಿಗೆದ್ದರೋ ಅಲ್ಲಿಗೆ ಟ್ಯಾಂಕರ್ ಬದಲು ಅರ್ಧಪ್ಪನನ್ನು ಕಳಿಸಿದರು. ಅವನು ಹೋಗಿ "ಪೈ... ಪೈ..." ಅಂದರೆ ಜನ ಅತ್ತು ಮನೆಗೆ ಹೋಗುತ್ತಿದ್ದರು. "ಏನು ಪ್ರತಿಭೆ ರೀ ನಿಮ್ಮದು! ಟ್ಯಾಂಕರಿಗೆ ಡೀಸೆಲ್ ಬೇಕು, ನಿಮಗೆ ಏನೂ ಬೇಡ" ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. ಅರ್ಧಪ್ಪನ ನಡಿಗೆಯೇ ಬದಲಾಗಿತ್ತು. ಮಾತಾಡುವ ಮೊದಲು ಒಂದು ಕೈಯನ್ನು ನಿಧಾನವಾಗಿ ಮೇಲೆತ್ತುತ್ತಿದ್ದ. ಆ ಅಭ್ಯಾಸ ಸಿನಿಮಾದ ರಾಜನಿಗೂ ಇರಲಿಲ್ಲ.

ಮಗಳಿಗೆ ಮಾತ್ರ ಇದು ಯಾವುದೂ ಗೊತ್ತಿರಲಿಲ್ಲ. "ಅಪ್ಪನ ವಿಷಯ ಫೋನಲ್ಲಿ ಹೇಳಿ ಮಗೂನ ಹೆದರಿಸಬೇಡಿ" ಎಂದು ಅತ್ತಿಗೆ ಎಲ್ಲರ ಬಾಯಿ ಕಟ್ಟಿದ್ದರು. ಮಗಳೂ ಒಂದು ವಿಷಯ ನಮಗೆ ಹೇಳಿರಲಿಲ್ಲ.

ಭಾನುವಾರ ಬಂತು. ಹಾಲ್‌ನಲ್ಲಿ ಹೊಸ ಪರದೆ (ಹೊಲಿದವನು ನಾನು), ಟೀಪಾಯಿ ಮೇಲೆ ಬಿಸ್ಕತ್ತು. ಗೋಡೆ ಪಕ್ಕ ಅತ್ತೆ ಕೋಲಿನೊಂದಿಗೆ, ಬಾಗಿಲ ಪಕ್ಕ ಕಂಡಕ್ಟರು ಕುತೂಹಲದೊಂದಿಗೆ ಕೂತಿದ್ದರು. ಸಾಲದ್ದಕ್ಕೆ ಕರೆಯದೇ ಬಂದ ಸಾಹೇಬರು ಕೈಯಲ್ಲಿ ಹೂಗುಚ್ಛ ಹಿಡಿದಿದ್ದರು. "ಊರಿನ ಮೈದಾನದಲ್ಲಿ ಸಭೆ ಇಟ್ಟಿದ್ದೀನಿ ಸಾರ್, ನಾಳೆ ನಿಮ್ಮದೇ ಭಾಷಣ. ಇನ್ನು ಆರು ತಿಂಗಳು ನೀರು ಕೇಳೋ ಹಾಗಿಲ್ಲ ಜನ!" ಎಂದು ಅವರು ಬಂದ ಕಾರಣ ಹೇಳುತ್ತಿರುವಾಗಲೇ ಬಾಗಿಲಲ್ಲಿ ಮಗಳು, ಅವಳ ಹಿಂದೆ ಹುಡುಗ, ಹುಡುಗನ ಹಿಂದೆ ಅವನ ತಾಯಿ. ತಾಯಿ ಒಂದು ಶಾಲೆಯ ಹೆಡ್‌ಮಿಸ್ಟ್ರೆಸ್ ಎಂದು ಮಗಳು ಮೊದಲೇ ತಿಳಿಸಿದ್ದಳು. ತಿಳಿಸದಿದ್ದರೂ ಗೊತ್ತಾಗುತ್ತಿತ್ತು. ಅವರನ್ನು ನೋಡಿದ ಕೂಡಲೇ ಸಾಹೇಬರು ನೆಟ್ಟಗೆ ನಿಂತರು.

ಹುಡುಗ ಕೈ ಜೋಡಿಸಿ, ಚೆನ್ನಾಗಿ ನಕ್ಕು, "ನ... ನ... ನಮಸ್ಕಾರ" ಎಂದ.

ಅರ್ಧಪ್ಪನ ಎತ್ತಿದ ಕೈ ಅಲ್ಲೇ ನಿಂತಿತು. ಈ ಹುಡುಗನಿಗೆ ಯಾರೋ ತನ್ನ ವಿಷಯ ಹೇಳಿದ್ದಾರೆ, ಬಂದವನೇ ಗೇಲಿ ಮಾಡುತ್ತಿದ್ದಾನೆ ಎಂದುಕೊಂಡ. ಆದರೂ ಹತ್ತು ಜನ ನೋಡುತ್ತಿದ್ದಾರೆ, ಸಾಹೇಬರಿದ್ದಾರೆ, ತೊದಲದೆ ವಿಧಿಯಿಲ್ಲ.

"ಬ... ಬ... ಬನ್ನಿ" ಎಂದ.

ಹುಡುಗನ ನಗು ಕುಂದಿತು. "ನಿ... ನಿಮಗೆ..."

"ಕೂ... ಕೂ... ಕೂತ್ಕೊಳ್ಳಿ."

"ಪ... ಪರವಾಗಿಲ್ಲ."

"ಕಾ... ಕಾಫಿ?"

ಬಾಗಿಲ ಬಳಿಯಿದ್ದ ಕಂಡಕ್ಟರ ಮುಖ ಬಿಳಿಚಿಕೊಂಡಿತು. "ಅಂಟುರೋಗ! ಅಯ್ಯೋ, ಇದು ಅಂಟುರೋಗ! ನಾನು ಆ ಟ್ಯಾಂಕಿನ ನೀರು ಕುಡಿದಿದ್ದೀನಿ!" ಎಂದು ಎದ್ದು ಗೋಡೆಯ ಕಡೆ ತಿರುಗಿ, "ಹೋಲ್ಡಾನ್! ರೈಟ್ ರೈಟ್! ಹೋಲ್ಡಾನ್! ರೈಟ್ ರೈಟ್!" ಎಂದು ತಮ್ಮ ನಾಲಿಗೆಯನ್ನು ಪರೀಕ್ಷಿಸಿಕೊಳ್ಳತೊಡಗಿದರು.

ಹುಡುಗನ ತಾಯಿ ಎದ್ದು ನಿಂತರು. ಅವರ ದನಿ ಏರಲಿಲ್ಲ, ಆದರೆ ನಾವೆಲ್ಲ ಕೈ ಕಟ್ಟಿಕೊಂಡೆವು.

"ಇವನ ಒಂದನೇ ಕ್ಲಾಸಿಂದ ನೋಡ್ತಾ ಬಂದಿದ್ದೀನಿ. ಅಣಕಿಸಿದ ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸಿದ್ದೀನಿ. ಬೀಗರನ್ನ ಎಲ್ಲಿ ನಿಲ್ಲಿಸಲಿ?"

"ಅಣಕ ಅಲ್ಲಮ್ಮಾ!" ಎಂದು ಅತ್ತಿಗೆ ಓಡಿಬಂದರು. "ನಮ್ಮವರಿಗೂ ನಿಜವಾಗ್ಲೂ ಇದೆ."

"ಅಪ್ಪನಿಗಾ?" ಮಗಳು ಬೆರಗಾದಳು. "ಯಾವಾಗಿಂದ?"

"ಆ ಸಿನಿಮಾ ನೋಡಿದಾಗಿಂದ ಕಣೇ."

"ಸಿನಿಮಾ ನೋಡಿದ್ರೆ ಬರುತ್ತಾ ಇದು?" ಎಂದರು ಹೆಡ್‌ಮಿಸ್ಟ್ರೆಸ್. "ಹಾಗಿದ್ರೆ ಯುದ್ಧದ ಸಿನಿಮಾ ನೋಡಿದವರೆಲ್ಲ ಕಾಲು ಮುರ್ಕೊಂಡಿರಬೇಕಲ್ಲ? ನಡಿಯಪ್ಪಾ ಮಗನೇ, ಮುಂದಿನ ಬಸ್ಸಿಗೆ ಹೋಗೋಣ."

ಅವರು ಬ್ಯಾಗ್ ಹೆಗಲಿಗೇರಿಸಿದರು. ಅತ್ತಿಗೆ ಮಗಳ ಕಡೆ ತಿರುಗಿ, "ಹುಡುಗ ಹೀಗೆ ಅಂತ ನೀನಾದ್ರೂ ಮೊದಲೇ ಹೇಳಬಾರದಿತ್ತೇನೇ?" ಎಂದು ಪಿಸುಗುಟ್ಟಿದರು. ಆ ಪಿಸುಮಾತು ಬೀದಿಗೆ ಕೇಳಿಸಿತು.

"ಅವನು ಎಡಗೈಯಲ್ಲಿ ಬರೀತಾನೆ. ಅದನ್ನೂ ಹೇಳಿರಲಿಲ್ಲ" ಎಂದಳು ಮಗಳು. ಅವಳ ಕಣ್ಣು ತುಂಬಿತ್ತು. ಅಪ್ಪನ ಮುಂದೆ ಬಂದು ನಿಂತಳು. "ಅಪ್ಪಾ, ನನ್ನ ಮುಖ ನೋಡಿ ಹೇಳು. ನಿನಗೆ ನಿಜವಾಗ್ಲೂ ಇದೆಯಾ?"

ಅರ್ಧಪ್ಪ ಸಾಹೇಬರ ಹೂಗುಚ್ಛ ನೋಡಿದ. ಅತ್ತೆಯ ಕೋಲು ನೋಡಿದ. ಇನ್ನೊಂದೇ ಒಂದು ತೊದಲು ತೊದಲಿದರೆ ಸಿಂಹಾಸನ ಅವನದೇ, ನಾಳೆ ಮೈದಾನದಲ್ಲಿ ಸಾವಿರ ಜನ ಉಸಿರು ಬಿಗಿಹಿಡಿದು ಕೂರುತ್ತಾರೆ. ಹೊಸಿಲಿನಲ್ಲಿ ಹುಡುಗ ತಾಯಿಯ ಬ್ಯಾಗನ್ನು ತಾನು ತೆಗೆದುಕೊಳ್ಳುತ್ತಿದ್ದ.

"ಇಲ್ಲ" ಎಂದ ಅರ್ಧಪ್ಪ. "ನನಗೆ ತೊದಲಿಲ್ಲ. ನಾಲಿಗೆ ಸುಟ್ಟಿದ್ದು ನಿಜ. ಅದು ಎರಡು ದಿನಕ್ಕೆ ವಾಸಿ ಆಯ್ತು. ಆಮೇಲೆ ಆಡಿದ್ದೆಲ್ಲ ನಾಟಕ. ಈ ಹುಡುಗನಿಗೆ ಇದೆ ಅಂತ ನನಗೆ ಗೊತ್ತಿರಲಿಲ್ಲ ಅಮ್ಮಾ. ನಾನು ಹೀಗೆ ಮಾಡಿದ್ದು ಯಾಕೆ ಅಂದ್ರೆ..."

ಅಲ್ಲಿ ನಿಂತ.

ಎಲ್ಲರೂ ಕಾದರು. ಅತ್ತಿಗೆ ಎರಡೂ ಕೈಯಿಂದ ತಮ್ಮ ಬಾಯಿ ಒತ್ತಿಹಿಡಿದಿದ್ದರು. ನನಗೆ ಮುಂದಿನ ಪದ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ಆ ಪದವನ್ನು ಹೆಂಡತಿಯ ಎದುರಿಗೆ, ಹತ್ತು ಜನರ ನಡುವೆ ಹೇಳುವಷ್ಟು ಕೆಟ್ಟವನಲ್ಲ ನನ್ನ ಷಡ್ಡಕ. ಅವನು ಅತ್ತಿಗೆಯ ಕಡೆ ತಿರುಗಿದ. "ನೀನೇ ಮುಗಿಸಿಬಿಡೇ" ಎಂದ ಮೆಲ್ಲಗೆ.

ಅತ್ತಿಗೆ ಬಾಯಿಯಿಂದ ಕೈ ತೆಗೆದರು. "ಯಾಕೆ ಅಂದ್ರೆ ಈ ಮನೇಲಿ ಇವರ ಮಾತು ಕೇಳೋರು ಯಾರೂ ಇರಲಿಲ್ಲ" ಎಂದರು. "ನಾನೂ ಕೇಳಲಿಲ್ಲ."

ಅಷ್ಟು ವರ್ಷಗಳಲ್ಲಿ ಅತ್ತಿಗೆ ಅವನ ವಾಕ್ಯವನ್ನು ಸರಿಯಾಗಿ ಮುಗಿಸಿದ್ದು ಅದೊಂದು ಸಲ.

ಮೊದಲು ಬಾಯಿ ಬಿಟ್ಟವರು ಸಾಹೇಬರು. ಹೂಗುಚ್ಛ ಅವರ ಕೈಯಲ್ಲಿ ಜೋತುಬಿದ್ದಿತ್ತು. "ಅಂದ್ರೆ..." ಎಂದರು ಕಂಗಾಲಾಗಿ, "ಅಂದ್ರೆ ನಾಳೆಯಿಂದ ನಾವು ನಿಜವಾಗ್ಲೂ ನೀರು ಬಿಡಬೇಕಾ?"

ಹುಡುಗ ಜೋರಾಗಿ ನಕ್ಕುಬಿಟ್ಟ. ಮಗಳು ಹೇಳಿದ್ದು ನಿಜ, ನಕ್ಕರೆ ಚೆನ್ನಾಗಿ ಕಾಣುತ್ತಾನೆ. ತಾಯಿಯ ಬ್ಯಾಗನ್ನು ಕೆಳಗಿಟ್ಟು ಒಳಗೆ ಬಂದು ಅರ್ಧಪ್ಪನ ಎದುರು ಕೂತ.

"ಅಂ... ಅಂಕಲ್, ಒಂದು ಮಾ... ಮಾತು ಹೇಳ್ತೀನಿ, ಬೇ... ಬೇಜಾರು ಮಾಡ್ಕೋಬೇಡಿ. ನೀವು ತೊ... ತೊದಲೋದು ಸ್ವಲ್ಪನೂ ಚೆ... ಚೆನ್ನಾಗಿಲ್ಲ."

ಅರ್ಧಪ್ಪನಿಗೆ ನಿಜಕ್ಕೂ ಅವಮಾನವಾಯಿತು. ಅಷ್ಟು ಜನ ಅತ್ತಿದ್ದರು.

"ಆ ಸಿ... ಸಿನಿಮಾದಿಂದ ನನಗೆ ಬದುಕೋಕೇ ಆಗ್ತಿಲ್ಲ ಅಂಕಲ್" ಎಂದು ಹುಡುಗ ತನ್ನ ಗೋಳು ತೋಡಿಕೊಂಡ. "ಮೊ... ಮೊನ್ನೆ ಹೋಟೆಲಲ್ಲಿ 'ಒಂ... ಒಂದು ಕಾಫಿ' ಅಂದೆ. ಇ... ಇಡೀ ಹೋಟೆಲು ಎದ್ದು ನಿಂತು ಚ... ಚಪ್ಪಾಳೆ ತಟ್ಟಿತು. ಕಾ... ಕಾಫಿ ಮಾತ್ರ ಬರಲಿಲ್ಲ."

ಅತ್ತಿಗೆ ತಟ್ಟನೆ ಅಡುಗೆಮನೆಗೆ ಓಡಿ ಕಾಫಿ ತಂದರು. ಹುಡುಗ ಕುಡಿಯುತ್ತಾ ಮುಂದುವರಿಸಿದ. "ಮೊ... ಮೊದಲು ಎಕ್ಸ್‌ರೇ ರೂಮಲ್ಲಿ ಪೇ... ಪೇಷಂಟಿಗೆ 'ಉಸಿರು ಹಿಡೀರಿ' ಅಂತಿದ್ದೆ. ನಾನು 'ಉ... ಉ... ಉಸಿರು ಬಿಡಿ' ಅನ್ನೋ ಹೊತ್ತಿಗೆ ಅ... ಅವರು ನೀಲಿ ಆಗಿರ್ತಿದ್ರು. ಈಗ ಒಂದು ಗಂ... ಗಂಟೆ ಇಟ್ಕೊಂಡಿದ್ದೀನಿ. ಹೊಡೆದ್ರೆ ಬಿ... ಬಿಡಬೇಕು."

ನಾವೆಲ್ಲ ನಗಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕಿದ್ದು ಅತ್ತೆ. ಕೋಲು ಕೈಯಿಂದ ಜಾರಿಬೀಳುವಷ್ಟು ನಕ್ಕರು.

ಹೆಡ್‌ಮಿಸ್ಟ್ರೆಸ್ ಮಾತ್ರ ನಗಲಿಲ್ಲ. ಅವರು ಇನ್ನೂ ಬಾಗಿಲಲ್ಲೇ ಇದ್ದರು. "ಇದೆಲ್ಲ ಇರ್ಲಿ" ಎಂದರು ಅರ್ಧಪ್ಪನಿಗೆ. "ನಾಟಕ ಸಾಕು. ನನ್ನ ಮಗನ ಬಗ್ಗೆ ನಿಮ್ಮ ಅಭಿಪ್ರಾಯ ಏನು, ಅದನ್ನ ಹೇಳಿ. ನಿಮ್ಮ ಬಾಯಿಂದ ಕೇಳಿದ ಮೇಲೆ ನಾನು ಕೂರಬೇಕೋ ಹೋಗಬೇಕೋ ತೀರ್ಮಾನ ಮಾಡ್ತೀನಿ."

ಮಗಳು ಅಪ್ಪನ ತೋಳು ಹಿಡಿದುಕೊಂಡಳು. ಅರ್ಧಪ್ಪ ಎದ್ದು ನಿಂತ. ಈ ಸಲ ಕೈ ಎತ್ತಲಿಲ್ಲ.

"ನಿಮ್ಮ ಮಗ ಅಂದ್ರೆ ನನಗೆ..."

ಮತ್ತೆ ನಿಂತ! ಬೇಕೆಂದೇ ನಿಂತದ್ದಲ್ಲ. ಒಂದು ಆಯುಷ್ಯದ ಅಭ್ಯಾಸ. ಕ್ರಿಯಾಪದದ ಹೊಸಿಲಿಗೆ ಬಂದ ಕೂಡಲೇ ಅವನ ನಾಲಿಗೆ ಪಕ್ಕಕ್ಕೆ ಸರಿದು ಬೇರೆಯವರಿಗೆ ದಾರಿ ಬಿಡುತ್ತದೆ. ಆದರೆ ಇವತ್ತು ದಾರಿಗೆ ಬರುವವರು ಯಾರೂ ಇಲ್ಲ. ಅತ್ತಿಗೆಯ ಎರಡೂ ಕೈ ಮತ್ತೆ ಬಾಯಿಯ ಮೇಲಿದ್ದವು. ಅತ್ತೆ ತಡಕಾಡಿ ಕೋಲು ಹುಡುಕಿ ಎತ್ತಿ ಹಿಡಿದರು. ಸಾಹೇಬರು ಹೂಗುಚ್ಛವನ್ನು ಎದೆಗವಚಿಕೊಂಡರು. ಕಂಡಕ್ಟರು ರೈಟ್ ಅನ್ನುವುದನ್ನು ಅರ್ಧಕ್ಕೇ ನಿಲ್ಲಿಸಿದರು. ಯಾರೂ ಉಸಿರಾಡಲಿಲ್ಲ. ಅರ್ಧಪ್ಪ ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ಹೆಡ್‌ಮಿಸ್ಟ್ರೆಸ್ ಕೈ ಬ್ಯಾಗಿನ ಕಡೆಗೆ ಹೋಯಿತು.

ಆಗ ಹುಡುಗ ಕಾಫಿಯ ಲೋಟ ಕೆಳಗಿಟ್ಟ. ಹುಟ್ಟಿದಾಗಿನಿಂದ ಅವನ ಮಾತನ್ನು ದಾರಿಹೋಕರೆಲ್ಲ ಮುಗಿಸಿದ್ದಾರೆ. ಅಂಗಡಿಯವರು, ಮೇಷ್ಟ್ರು, ಡಾಕ್ಟರು ಯಾರೂ ಬಿಟ್ಟಿಲ್ಲ. ಬೇರೆಯವರ ಒಂದು ವಾಕ್ಯ ಮುಗಿಯದೆ ಹೀಗೆ ಅವನ ಎದುರಿಗೆ ಬಂದು ನಿಂತದ್ದು ಇದೇ ಮೊದಲು. ಅವನು ಅದನ್ನು ಬಿಡಲಿಲ್ಲ. ಅವಸರವನ್ನೂ ಮಾಡಲಿಲ್ಲ.

"ಇ..." ಎಂದ. "ಇ... ಇ... ಇಷ್ಟ."

ಅರ್ಧಪ್ಪ ಜೋರಾಗಿ ತಲೆಯಾಡಿಸಿದ. ಹೆಡ್‌ಮಿಸ್ಟ್ರೆಸ್ ಬಂದು ಕುರ್ಚಿ ಎಳೆದುಕೊಂಡು ಕೂತರು. ಹುಡುಗ ಸುತ್ತ ನಿಂತಿದ್ದ ನಮ್ಮನ್ನೆಲ್ಲ ಒಂದು ಸಲ ನೋಡಿದ. ಯಾರೂ ಇನ್ನೂ ಉಸಿರು ಬಿಟ್ಟಿರಲಿಲ್ಲ, ಸಾಹೇಬರಂತೂ ನೀಲಿಯಾಗುತ್ತಿದ್ದರು. ಅವನು ಚಮಚ ತೆಗೆದುಕೊಂಡು ಕಾಫಿಯ ಲೋಟಕ್ಕೆ ಟಣ್ ಎಂದು ಹೊಡೆದ.

ನಾವೆಲ್ಲ ಉಸಿರು ಬಿಟ್ಟೆವು.